ಈರುಳ್ಳಿ ಹಬ್ಬ ಗದ್ದೆಯಲ್ಲೇ ಆಗಲಿ

ಸಂಪಾದಕರಿಗೆ ನಮಸ್ಕಾರ.

ಈ ವಾರ ನಮ್ಮ ಮನೆಯಲ್ಲಿ ಈರುಳ್ಳಿ ಬೀಜವನ್ನು ಸಸಿಮಡಿಗೆ ಹಾಕಿದೆವು. ಭತ್ತದ ಕೊಯ್ಲು ಮುಗಿದಿದೆ, ಗದ್ದೆಯ ಮಣ್ಣಿನಲ್ಲಿ ಇನ್ನೂ ತೇವ ಇದೆ. ಬೀಜ ಹಾಕಿ ಕೈ ತೊಳೆದ ಮೇಲೆ ಈ ಪತ್ರ ಬರೆಯಲೇಬೇಕು ಅನ್ನಿಸಿತು. ನಮ್ಮ ಕುಮಟಾ ಈರುಳ್ಳಿಗೆ ಕೊಯ್ಲಿನ ಹೊತ್ತಿಗೆ ಒಂದು ಹಬ್ಬ ಆಗಲಿ ಅನ್ನುವುದು ನನ್ನ ಆಸೆ. ಮುಂದಿನ ಏಪ್ರಿಲ್‌ಗೆ ಇನ್ನು ಐದು ತಿಂಗಳಿದೆ. ಮನಸ್ಸು ಮಾಡಿದರೆ ಅಷ್ಟು ಸಮಯ ಸಾಕು.

ನಾನು 26 ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹೆಚ್ಚಿನ ವರ್ಷ ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ರಸ್ತೆಯಲ್ಲೇ ಓಡಾಡಿದೆ. ಈಗಿನ ಹೆದ್ದಾರಿ 66 ನಮ್ಮ ಕಾಲಕ್ಕೆ 17 ಆಗಿತ್ತು. ಹಳಬರ ಬಾಯಲ್ಲಿ ಇವತ್ತಿಗೂ ಅದು ಎನ್‌ಎಚ್ ಹದಿನೇಳೇ. ಮಾರ್ಚ್ ಮುಗಿಯುತ್ತಾ ಬಂದರೆ ಕುಮಟಾ ಪಕ್ಕದ ಹಂದಿಗೋಣ, ಅಳ್ವೇಕೋಡಿ ಹತ್ತಿರ ರಸ್ತೆ ಬದಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಗಳಕ್ಕೆ ಸಾಲಾಗಿ ನೇತುಹಾಕಿದ ಈರುಳ್ಳಿ ಗೊಂಚಲು, ಅದರ ಕೆಳಗೆ ಮಣೆ ಹಾಕಿ ಕೂತ ಹೆಂಗಸರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿ ಕಡೆ ಬಾಗುತ್ತಿದ್ದರು. "ಕಂಡಕ್ಟರ್ರೇ, ಎರಡೇ ನಿಮಿಷ ನಿಲ್ಸಿ ಮಾರಾಯ್ರೆ, ಒಂದು ಗೊಂಚಲು ತಕಂಡು ಬಂದೆ" ಅಂತ ಇಳಿದು ಓಡುತ್ತಿದ್ದರು. ಡ್ರೈವರ್ ಕೂಡ ಏನೂ ಅನ್ನುತ್ತಿರಲಿಲ್ಲ. ಅವರಿಗೂ ಒಂದು ಗೊಂಚಲು ಬೇಕಿತ್ತಲ್ಲ.

ನನ್ನ ಹೆಂಡತಿಯ ತವರು ಅಳ್ವೇಕೋಡಿ ಕಡೆ. ಮಾವ ತೀರಿಕೊಂಡ ಮೇಲೆ ಗದ್ದೆ ನೋಡಿಕೊಳ್ಳಲು ಜನ ಬೇಕಾಯಿತು, ನಾವೇ ಅಲ್ಲಿಗೆ ಬಂದು ನೆಲೆಸಿದೆವು. ಹನ್ನೆರಡು ಗುಂಟೆ ಗದ್ದೆ. ಮಳೆಗಾಲಕ್ಕೆ ಭತ್ತ, ಅದು ಕೊಯ್ದ ಮೇಲೆ ಈರುಳ್ಳಿ. ಅತ್ತೆಗೆ ಈಗ 78. ಈರುಳ್ಳಿಯ ಬಗ್ಗೆ ನನಗೆ ತಿಳಿದಿದ್ದೆಲ್ಲ ಅವರಿಂದ ಕಲಿತದ್ದು. ಅದಕ್ಕೂ ಮುಂಚೆ ಎಷ್ಟೋ ವರ್ಷ ಟಿಕೆಟ್ ಹರಿಯುತ್ತಾ ಆ ಗೊಂಚಲುಗಳನ್ನು ನೋಡಿದ್ದೆ, ತಿಂದಿದ್ದೆ. ಅದರ ಹಿಂದೆ ಎಷ್ಟು ಕೆಲಸ ಇದೆ ಅಂತ ಗೊತ್ತಿರಲಿಲ್ಲ.

ಜೊಯ್ಡಾದಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ಗೆಡ್ಡೆ ಗೆಣಸಿನ ಮೇಳ ಆಗುತ್ತದೆ. ನಿವೃತ್ತಿ ಆದ ವರ್ಷ ಹಳೇ ಸಹೋದ್ಯೋಗಿ ಒಬ್ಬರ ಜೊತೆ ಹೋಗಿದ್ದೆ. ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಹೋಗಬೇಕು. ಅಲ್ಲಿ ಕುಣಬಿ ಹೆಂಗಸರು ತಮ್ಮ ಹಿತ್ತಲಲ್ಲಿ, ಬೇಣದಲ್ಲಿ ಬೆಳೆದ ಗೆಡ್ಡೆಗಳನ್ನು ರಾಶಿ ಹಾಕಿಕೊಂಡು ಕೂತಿದ್ದರು. ಮುಡ್ಲಿ, ಕೋನ, ಕಣಗ, ಇನ್ನೂ ಏನೇನೋ. ಒಂದೊಂದು ಮುಡ್ಲಿ ಗೆಡ್ಡೆ ಕೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿ ಹಿಡಿಯುವಷ್ಟು ದೊಡ್ಡದು. ನನಗೆ ಹಿಡಿಸಿದ್ದು ಏನು ಗೊತ್ತಾ? ಕೊಳ್ಳಲು ಬಂದವರು ರೇಟು ಕೇಳಿ ಸುಮ್ಮನಾಗುತ್ತಿರಲಿಲ್ಲ. "ಇದನ್ನ ಬೇಯಿಸೋದು ಹೇಗೆ? ನಾಟಿ ಮಾಡೋದು ಯಾವಾಗ? ನಮ್ಮ ಮಣ್ಣಿಗೆ ಬರ್ತದಾ?" ಅಂತ ಕೇಳುತ್ತಿದ್ದರು. ಆ ಹೆಂಗಸರು ಒಬ್ಬೊಬ್ಬರಿಗೂ ಕೂತು ಹೇಳುತ್ತಿದ್ದರು. ಬೆಳೆದವರೇ ಅಲ್ಲಿ ಮಾಸ್ತರು. ಅವರ ಮುಖದಲ್ಲಿದ್ದ ಆ ಕಳೆ ನೋಡಿ ನನಗೆ ನಮ್ಮ ಅತ್ತೆ ನೆನಪಾದರು. ಇವರನ್ನು ಹೀಗೆ ಕೂರಿಸಿ, ಎದುರು ನಾಲ್ಕು ಜನ ನಿಂತು ಈರುಳ್ಳಿ ಬಗ್ಗೆ ಕೇಳಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ಕುಮಟಾ ಈರುಳ್ಳಿಗೂ ವರ್ಷಕ್ಕೊಂದು ಹಬ್ಬ ಬೇಕು, ಅದು ಊರಿನ ಗದ್ದೆಯಲ್ಲೇ ಆಗಬೇಕು. ನನ್ನ ಬೇಡಿಕೆ ಇಷ್ಟೇ. ಯಾಕೆ ಅಂತ ಹೇಳುತ್ತೇನೆ.

ಕೆಲಸದಲ್ಲಿದ್ದಾಗ ಕಾರವಾರದ ಒಬ್ಬ ಅಮ್ಮ ವಾರಕ್ಕೊಮ್ಮೆ ನಮ್ಮ ಬಸ್ಸಿಗೆ ಬರುತ್ತಿದ್ದರು. ಮಗಳ ಮನೆ ಹೊನ್ನಾವರದಲ್ಲಿ. ಒಂದು ಸಲ ನಾನೇ ಅವರಿಗೆ ಈರುಳ್ಳಿ ಕೊಡಿಸಿದೆ. "ಇದು ನಮ್ಮೂರ ಸಿಹಿ ಈರುಳ್ಳಿ ಅಮ್ಮಾ, ಹಸಿಯಾಗಿ ತಿನ್ನಿ" ಅಂತ ಹೆಮ್ಮೆಯಿಂದ ಹೇಳಿದ್ದೆ. ಮರುವಾರ ಹತ್ತುತ್ತಲೇ ಅವರು, "ಕಂಡಕ್ಟರ್ ತಮ್ಮಾ, ಅದೆಂಥಾ ಸಿಹಿಯೋ? ಹೆಚ್ಚಲು ಕೂತರೆ ಕಣ್ಣು ಬಿಡೋಕಾಗಲಿಲ್ಲ. ಅರ್ಧ ಕೊಳೆತೇ ಹೋಯ್ತು" ಅಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು. ಅದೇ ನನಗೆ ಜಾಸ್ತಿ ನೋವಾಗಿದ್ದು.

ಆ ದಿನ ಡ್ಯೂಟಿ ಮುಗಿಸಿ ಆ ಈರುಳ್ಳಿ ಕೊಂಡ ಜಾಗಕ್ಕೇ ಹೋಗಿ ಗೊಂಚಲು ಕೈಯಲ್ಲಿ ಹಿಡಿದು ನೋಡಿದೆ. ಗಡ್ಡೆಗೆ ಅದರದೇ ಜುಟ್ಟು ಇರಲಿಲ್ಲ. ಒಣಹುಲ್ಲಿನ ಸಿವುಡಿಗೆ ಒಂದೊಂದೇ ಗಡ್ಡೆಯನ್ನು ದಾರದಿಂದ ಬಿಗಿದು ಗೊಂಚಲಿನ ಹಾಗೆ ಮಾಡಿದ್ದರು. ಗಡ್ಡೆಯ ಬಣ್ಣ ಕಡುಗೆಂಪು, ಸಿಪ್ಪೆ ದಪ್ಪ. ಘಟ್ಟದ ಮೇಲಿನಿಂದ ಮೂಟೆಯಲ್ಲಿ ಬಂದ ಮಾಲು ಅದು. ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರ ಬೆಳೆ ಇರುವುದು ವರ್ಷಕ್ಕೆ ಎರಡು, ಎರಡೂವರೆ ತಿಂಗಳು. ಮಿಕ್ಕ ದಿನ ಅವರ ಮನೆಯಲ್ಲೂ ಒಲೆ ಉರಿಯಬೇಕಲ್ವಾ? ಆದರೆ ಆ ಅಮ್ಮ ಮತ್ತೆಂದೂ ಕುಮಟಾ ಈರುಳ್ಳಿ ಕೊಳ್ಳಲಿಲ್ಲ. ಅವರ ಲೆಕ್ಕದಲ್ಲಿ ಕುಮಟಾ ಈರುಳ್ಳಿ ಅಂದರೆ ಅದೇ.

ನಿಜವಾದ ಗೊಂಚಲು ಹೇಗಿರುತ್ತದೆ ಅಂತ ಗುರುತು ಹಿಡಿಯುವುದು ಕಷ್ಟವಲ್ಲ. ಕಿತ್ತ ಈರುಳ್ಳಿಯ ಎಲೆ ಕತ್ತರಿಸುವುದಿಲ್ಲ. ಎಲೆ ಸಮೇತ ಎರಡು ಮೂರು ದಿನ ನೆರಳಲ್ಲಿ ಬಾಡಿಸುತ್ತಾರೆ. ಪೂರ್ತಿ ಒಣಗಿದರೆ ಎಲೆ ಮುರಿಯುತ್ತದೆ, ಹಸಿ ಇದ್ದರೆ ಕೊಳೆಯುತ್ತದೆ. ಅದಕ್ಕೇ ಅತ್ತೆ ಗೊಂಚಲು ಕಟ್ಟಲು ಕೂರುವುದು ಬೆಳಿಗ್ಗೆ ಬೇಗ, ಇಬ್ಬನಿಗೆ ಎಲೆ ಮೆತ್ತಗಾಗಿರುವಾಗ. ಕಾಲು ಚಾಚಿ ಕೂತು, ನೆನೆಸಿದ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ದೊಡ್ಡ ಗಡ್ಡೆ ಕೆಳಗೆ, ಸಣ್ಣದು ಮೇಲೆ. ಮೂರು ಎಳೆ ಮಾಡಿ ಜಡೆ ಹೆಣೆದ ಹಾಗೆ ಎಲೆಯನ್ನು ನಾರಿನ ಜೊತೆ ಹೆಣೆಯುತ್ತಾ ಹೋಗುತ್ತಾರೆ. ಪ್ರತಿ ಸುತ್ತಿಗೂ ಒಂದು ಹೊಸ ಗಡ್ಡೆ ಸೇರುತ್ತದೆ. ಕೊನೆಗೆ ಎತ್ತಿ ಒಮ್ಮೆ ಕೊಡವುತ್ತಾರೆ. ಒಂದು ಗಡ್ಡೆ ಅಲುಗಾಡಿದರೂ ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಅವರು ಕಟ್ಟಿದ ಗೊಂಚಲು ನಮ್ಮ ಅಡುಗೆಮನೆಯ ಗಳದಲ್ಲಿ ಚೌತಿ ತನಕ ಕೆಡದೆ ಇರುತ್ತದೆ. ಇದನ್ನು ಕಣ್ಣಾರೆ ಒಂದು ಸಲ ನೋಡಿದವರಿಗೆ ದಾರ ಸುತ್ತಿದ ಗೊಂಚಲನ್ನು ಯಾರೂ ಮಾರಲಾರರು. ಹಬ್ಬ ಗದ್ದೆಯಲ್ಲೇ ಆಗಬೇಕು ಅನ್ನುವುದಕ್ಕೆ ಇದು ಒಂದು ಕಾರಣ.

ಎರಡನೆಯದು ಬೀಜ. ನನಗೆ ಜಾಸ್ತಿ ಸಂಕಟ ಇರುವುದು ಇದರ ಬಗ್ಗೆಯೇ.

ಈರುಳ್ಳಿ ಬೀಜ ಭತ್ತದ ಬೀಜದ ಹಾಗಲ್ಲ. ಈ ವರ್ಷ ಕಿತ್ತ ಗಡ್ಡೆಯನ್ನು ಮಳೆಗಾಲ ಪೂರ್ತಿ ಕಾಪಾಡಿ, ಮತ್ತೆ ನೆಟ್ಟು, ಅದು ಹೂ ಬಿಟ್ಟ ಮೇಲೆ ಬೀಜ. ಆ ಬೀಜವನ್ನು ಮತ್ತೊಂದು ಮಳೆಗಾಲ ಕಾಪಾಡಬೇಕು. ನಮ್ಮ ಕರಾವಳಿಯ ಮಳೆ, ಥಂಡಿ ನಿಮಗೆ ಗೊತ್ತೇ ಇದೆ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಈರುಳ್ಳಿ ಬೀಜದ ಜೀವ ಮೊದಲೇ ಕಡಿಮೆ. ಸಾಧಾರಣ ಒಂದು ವರ್ಷ ಕಳೆದರೆ ಅದರ ಮೊಳಕೆಯನ್ನು ನಂಬುವ ಹಾಗಿಲ್ಲ. ಒಂದು ವರ್ಷ ತಪ್ಪಿದರೆ ಆ ಮನೆಯ ಬೀಜದ ಕತೆ ಮುಗಿಯಿತು.

ಅತ್ತೆ ಬೀಜಕ್ಕೆ ಗಡ್ಡೆ ಆರಿಸುವುದನ್ನು ನೋಡಬೇಕು. ಎಲ್ಲಕ್ಕಿಂತ ದೊಡ್ಡದನ್ನು ಆರಿಸುವುದಿಲ್ಲ. ನಡುಗಾತ್ರದ್ದು, ಕುತ್ತಿಗೆ ಸಪೂರ ಇರುವುದು, ಜೋಡಿಯಾಗಿ ಸೀಳದೆ ಒಂದೇ ಗಡ್ಡೆಯಾಗಿರುವುದು, ಬಣ್ಣ ತಿಳಿಗುಲಾಬಿ. ಬೆರಳಲ್ಲಿ ಒತ್ತಿ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಾರೆ. ಹೂದಂಡಿನ ತುದಿಯಲ್ಲಿ ಬಿಳಿ ಚೆಂಡಿನ ಹಾಗೆ ಹೂ ಬಂದಾಗ ಆ ಕಡೆ ಔಷಧಿ ಹೊಡೆಯಲು ಯಾರನ್ನೂ ಬಿಡುವುದಿಲ್ಲ. ಜೇನುನೊಣ ಬರಬೇಕು, ಬಂದರೇ ಬೀಜ ಕಟ್ಟುವುದು. ಚೆಂಡಿನಲ್ಲಿ ಕರಿ ಬೀಜ ಇಣುಕಲು ಶುರುವಾದರೆ ಬೆಳಗಿನ ಇಬ್ಬನಿಯಲ್ಲೇ ಕೊಯ್ಯುತ್ತಾರೆ, ಬಿಸಿಲೇರಿದರೆ ಬೀಜ ಉದುರಿಹೋಗುತ್ತದೆ. ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಬಟ್ಟಲು ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಆರಿಸಿ, ಒಲೆಯ ಬೂದಿ ಬೆರೆಸಿ ಗಾಜಿನ ಬಾಟಲಿಗೆ ತುಂಬುತ್ತಾರೆ. ಬಾಟಲಿಯ ಜಾಗ ಒಲೆಯ ಮೇಲಿನ ಅಟ್ಟ.

2019ರ ಮಳೆ ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ಆಗಸ್ಟ್‌ನಲ್ಲಿ ನೆರೆ ಬಂತು. ಮಳೆ ಹೋಯಿತು ಅನ್ನುವಷ್ಟರಲ್ಲಿ ದೀಪಾವಳಿ ಹೊತ್ತಿಗೆ ಕ್ಯಾರ್ ಚಂಡಮಾರುತ, ಮತ್ತೆ ಮಳೆ. ಆ ಗಡಿಬಿಡಿಯಲ್ಲಿ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೂದಿ ಒದ್ದೆಯಾಗಿ ಗಟ್ಟಿಕಟ್ಟಿತ್ತು. ಆದರೂ ಆಸೆಯಿಂದ ಮಡಿಗೆ ಹಾಕಿದೆವು. ಎಂಟು ದಿನ ಆಯಿತು, ಹದಿನೈದು ದಿನ ಆಯಿತು, ಒಂದು ಮೊಳಕೆ ಏಳಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಹೋಗಿ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ ಬರುತ್ತಿದ್ದರು. ಯಾರ ಹತ್ತಿರವೂ ಮಾತಿಲ್ಲ.

ಕೊನೆಗೆ ನಾನೇ ಅಂಗಡಿಯಿಂದ ಪ್ಯಾಕೆಟ್ ಬೀಜ ತಂದೆ. ಗದ್ದೆ ಖಾಲಿ ಬಿಡುವುದು ಹೇಗೆ? ಬೆಳೆ ಚೆನ್ನಾಗೇ ಬಂತು, ಗಡ್ಡೆ ದಪ್ಪ. ಆದರೆ ಕಚ್ಚಿ ನೋಡಿದರೆ ಖಾರ, ಗಂಟಲಿಗೆ ಹತ್ತುವ ಖಾರ. ನಮ್ಮದೇ ಮಣ್ಣು, ನಮ್ಮದೇ ಬಾವಿ ನೀರು, ನಮ್ಮದೇ ಕೊಟ್ಟಿಗೆ ಗೊಬ್ಬರ. ಆದರೂ ನಮ್ಮ ಈರುಳ್ಳಿ ಆಗಲಿಲ್ಲ. ಮಣ್ಣಲ್ಲಿ ಗಂಧಕ ಕಡಿಮೆ ಇದ್ದಷ್ಟೂ ಈರುಳ್ಳಿಗೆ ಖಾರ ಕಡಿಮೆ ಅನ್ನುತ್ತಾರೆ ತಿಳಿದವರು. ನಮ್ಮ ಮರಳು ಮಿಶ್ರಿತ ಮಣ್ಣಿನ ಪಾಲೂ ಆ ಸಿಹಿಯಲ್ಲಿ ಇದ್ದೀತು. ಆದರೆ ಬೀಜ ಇಲ್ಲದೆ ಮಣ್ಣು ಒಂದೇ ಏನು ಮಾಡುತ್ತದೆ? ಆ ವರ್ಷದ ಬೆಳೆ ಕೈಗೆ ಬರುವ ಹೊತ್ತಿಗೆ, ಮಾರ್ಚ್ 25ರಿಂದ, ಲಾಕ್‌ಡೌನ್ ಬೇರೆ. ಹೆದ್ದಾರಿಯಲ್ಲಿ ಒಂದು ಕಾರು ಇಲ್ಲ. ಗೊಂಚಲು ಕಟ್ಟಿ ಮನೆಯ ಜಗುಲಿ ತುಂಬಾ ನೇತುಹಾಕಿ ಕೂತೆವು. ದಾರಿಹೋಕ ಗಿರಾಕಿಯನ್ನೇ ಪೂರ್ತಿ ನಂಬಿಕೊಂಡ ಬೆಳೆ ಇದು ಅಂತ ಆಗ ತಿಳಿಯಿತು.

ಆ ನವೆಂಬರ್‌ನಲ್ಲಿ ಹಳ್ಳದ ಆಚೆ ದಡದ ಒಬ್ಬ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ರಕ್ತಸಂಬಂಧ ಏನೂ ಇಲ್ಲ, ಕರೆಯುವುದು ಚಿಕ್ಕಮ್ಮ ಅಂತ. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಮುಷ್ಟಿ ಬೀಜ ಅತ್ತೆಯ ಅಂಗೈಗೆ ಸುರಿದರು. "ನಿಂದೇ ಬೀಜ ಅಕ್ಕಾ. ನನ್ನ ಮದುವೆಯಾದ ವರ್ಷ ನೀನೇ ಕೊಟ್ಟಿದ್ದು" ಅಂದರು. ಇವತ್ತು ನಮ್ಮ ಗದ್ದೆಯಲ್ಲಿ ಇರುವುದು ಆ ಮುಷ್ಟಿಯಿಂದ ಬಂದ ಈರುಳ್ಳಿ.

ಆ ಚಿಕ್ಕಮ್ಮ ಇಲ್ಲದಿದ್ದರೆ? ಅವರ ಬಾಟಲಿಗೂ ಆ ವರ್ಷ ನೀರು ಹೋಗಿದ್ದರೆ? ಹೀಗೆ ಬೀಜ ಇಟ್ಟ ಮನೆಗಳು ನಮ್ಮ ಕೇರಿಯಲ್ಲಿ ಮೊದಲು ಎಷ್ಟೋ ಇದ್ದವು, ಈಗ ನನಗೆ ಗೊತ್ತಿದ್ದು ನಾಲ್ಕೇ. ಎಲ್ಲಾ ವಯಸ್ಸಾದವರು. ಅದಕ್ಕೇ ಹೇಳುತ್ತಿದ್ದೇನೆ, ವರ್ಷಕ್ಕೊಮ್ಮೆ ಬೀಜ ಇದ್ದವರೂ ಬೀಜ ಕಳೆದುಕೊಂಡವರೂ ಒಂದು ಕಡೆ ಸೇರಬೇಕು. ಶಿರಸಿಯಲ್ಲಿ ವನಸ್ತ್ರೀ ಬಳಗದವರು ನಡೆಸುವ ಮಲ್ನಾಡ್ ಮೇಳಕ್ಕೆ ನನ್ನ ಹೆಂಡತಿ ಒಮ್ಮೆ ಹೋಗಿದ್ದಳು. ಅಲ್ಲಿ ಹೆಂಗಸರು ಹಿತ್ತಲ ತರಕಾರಿಯ ಬೀಜಗಳನ್ನು ಪೊಟ್ಟಣ ಕಟ್ಟಿ ತಂದಿದ್ದರು. ಇವಳು ಅವರೆ, ಸೌತೆ ಬೀಜ ತಂದಳು. ನಮ್ಮ ಬೇಲಿಯಲ್ಲಿ ಇವತ್ತಿಗೂ ಆ ಅವರೆ ಹಬ್ಬಿದೆ. ಘಟ್ಟದ ಮೇಲೆ ಆಗುವುದು ಕೆಳಗೆ ಯಾಕೆ ಆಗಬಾರದು?

ಒಂದು ಊರಿನ ಬೆಳೆಗೆ ಆ ಊರಿನ ಹೆಸರಲ್ಲೇ ಸಿಗುವ ಭೌಗೋಳಿಕ ಗುರುತಿನ (ಜಿಐ) ಮಾತು ಬಹಳ ಜನ ಆಡುತ್ತಾರೆ. ಒಳ್ಳೆಯದೇ. ಉಡುಪಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲಿ ಸಿಕ್ಕಿತು, ನಮ್ಮ ಜಿಲ್ಲೆಯಲ್ಲೇ ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲಾದ ಕರಿ ಇಶಾಡು ಮಾವಿಗೆ 2023ರಲ್ಲಿ. ಆದರೆ ಮಟ್ಟಿನ ಜನಕ್ಕೆ ಆ ಕಾಗದಕ್ಕೂ ಮುಂಚಿನಿಂದ ಒಂದು ಸಂದರ್ಭ ಇತ್ತು. ಉಡುಪಿ ಕೃಷ್ಣಮಠದ ಪರ್ಯಾಯದ ಹೊತ್ತಿಗೆ ಅವರು ಗುಳ್ಳವನ್ನು ಹೊರೆಕಾಣಿಕೆಯಾಗಿ ಒಯ್ಯುತ್ತಾರೆ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅನ್ನುವ ನಂಬಿಕೆ ಬೇರೆ ಇದೆ. ಹಾಗಾಗಿ ಆ ಬೆಳೆ ಬಿಟ್ಟುಬಿಡೋಣ ಅಂತ ಅಷ್ಟು ಸುಲಭಕ್ಕೆ ಅನ್ನಿಸುವುದಿಲ್ಲ. ನಮ್ಮ ಈರುಳ್ಳಿಗೆ ಅಂಥ ದೇವರ ಸೇವೆ ಇಲ್ಲ. ಕೊಯ್ಲಿನ ಹಬ್ಬವೊಂದಾದರೂ ಇರಲಿ.

ಹೇಗೆ ಮಾಡಬಹುದು ಅಂತ ನನ್ನ ಮನಸ್ಸಿನಲ್ಲಿ ಇದ್ದದ್ದು ಹೇಳುತ್ತೇನೆ. ಏಪ್ರಿಲ್‌ನ ಎರಡನೇ ಭಾನುವಾರ ಅಂತ ಗೊತ್ತುಮಾಡಿ, ಪ್ರತಿ ವರ್ಷವೂ ಅದೇ ದಿನ ಇರಲಿ. ಆ ಹೊತ್ತಿಗೆ ಕೊಯ್ಲು ಜೋರಾಗಿರುತ್ತದೆ, ಮೊದಲ ಮಳೆಗೆ ಇನ್ನೂ ಸಮಯ ಇರುತ್ತದೆ, ಮಕ್ಕಳಿಗೆ ರಜೆ. ದಿನ ಗಟ್ಟಿಯಿದ್ದರೆ ಹುಬ್ಬಳ್ಳಿ, ಗೋವಾ ಕಡೆಯವರೂ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬರುತ್ತಾರೆ. ಪೇಟೆಯ ಸಭಾಭವನ ಬೇಡ. ದೊಡ್ಡ ವೇದಿಕೆಯೂ ಬೇಡ, ಹಾರ ತುರಾಯಿಯೂ ಬೇಡ. ಕೃಷಿ, ತೋಟಗಾರಿಕೆ ಗೊತ್ತಿದ್ದವರು ಬರಲಿ, ಆದರೆ ಬೆಳೆದವರ ಜೊತೆ ಚಾಪೆಯ ಮೇಲೆ ಕೂತು ಮಾತಾಡಲಿ. ಮಳೆಗಾಲದಲ್ಲಿ ಬೀಜದ ಜೀವ ಉಳಿಸುವುದು ಹೇಗೆ ಅನ್ನುವುದಕ್ಕೆ ಬೂದಿ, ಬಾಟಲಿಗಿಂತ ಒಳ್ಳೆಯ ಉಪಾಯ ಇದ್ದರೆ ಅವರು ಹೇಳಿಕೊಡಲಿ. ಅತ್ತೆಯೇ ಮೊದಲ ಸಾಲಿನಲ್ಲಿ ಕೂತು ಕೇಳುತ್ತಾರೆ.

ಬಂದವರು ತಾವೇ ಗದ್ದೆಗಿಳಿದು ಈರುಳ್ಳಿ ಕೀಳಲಿ. ಮಕ್ಕಳು ಗೊಂಚಲು ಕಟ್ಟಲು ಕಲಿಯಲಿ. ಚೆನ್ನಾಗಿ ಗೊಂಚಲು ಕಟ್ಟುವ ಹೆಂಗಸರಿಗೂ ಒಳ್ಳೆಯ ಬೀಜ ತಂದವರಿಗೂ ಬಹುಮಾನ ಕೊಡಿ. ಮಧ್ಯಾಹ್ನಕ್ಕೆ ಊಟ ನಮ್ಮ ಕೇರಿಯ ಹೆಂಗಸರೇ ಮಾಡುತ್ತಾರೆ. ಕುಚ್ಚಲಕ್ಕಿ ಗಂಜಿ. ಅದಕ್ಕೆ ನಂಜಿಕೊಳ್ಳಲು ಹಸಿ ಈರುಳ್ಳಿ, ಸುಟ್ಟ ಒಣಮೆಣಸು, ಉಪ್ಪು, ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಕೈಯಲ್ಲೇ ನುರಿದದ್ದು. ಮೀನು ತಿನ್ನುವವರಿಗೆ ಒಣ ಶೆಟ್ಲಿ (ಸಿಗಡಿ) ಚಟ್ನಿ, ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ಸುಕ್ಕಾ. ಬಳಚಿಗೆ ನಮ್ಮ ಈರುಳ್ಳಿಯನ್ನು ಧಾರಾಳವಾಗಿ ಹೆಚ್ಚಿಹಾಕಿದರೆ ಬರುವ ರುಚಿಯೇ ಬೇರೆ, ತಿಂದವರಿಗೆ ನಾನು ಹೇಳಬೇಕಾಗಿಲ್ಲ. ರಾತ್ರಿಗೆ ಒಂದು ಯಕ್ಷಗಾನ ಇದ್ದರೆ ಊರವರೂ ಉಳಿಯುತ್ತಾರೆ.

ಇನ್ನೊಂದು ಮಾತು. ರಸ್ತೆ ನಾಲ್ಕು ಪಥ ಆದ ಮೇಲೆ ವಾಹನಗಳ ವೇಗ ಜಾಸ್ತಿಯಾಗಿದೆ. ಮೊದಲು ಮರದ ನೆರಳಲ್ಲಿ ಕೂತು ಮಾರುತ್ತಿದ್ದವರು ಈಗ ಬಿಸಿಲಲ್ಲಿ, ಲಾರಿಯ ಗಾಳಿಗೆ ಸೆರಗು ಹಿಡಿದುಕೊಂಡು ಕೂತಿರುತ್ತಾರೆ. ನಡುವೆ ಕಟ್ಟೆ ಬಂದದ್ದರಿಂದ ಆಚೆ ಬದಿಯ ಗಿರಾಕಿ ಈಚೆ ಬರುವುದಿಲ್ಲ. ಬರಲು ಹೋದರೆ ಜೀವಕ್ಕೇ ಅಪಾಯ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಷ್ಟು ಸಲ ಎದೆ ಝಲ್ ಅಂದಿದೆ ನನಗೆ. ಸಂಬಂಧಪಟ್ಟವರು ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮಾಡು ಕಟ್ಟಿಸಿಕೊಡಲಿ, ವಾಹನ ನಿಲ್ಲಲು ಜಾಗ ಮಾಡಲಿ. ಇದು ಹಬ್ಬ ಆದರೂ ಆಗದಿದ್ದರೂ ಆಗಲೇಬೇಕಾದ ಕೆಲಸ.

ಅತ್ತೆಗೆ ಈ ಪತ್ರ ಓದಿ ಹೇಳಿದೆ. ಪೂರ್ತಿ ಕೇಳಿ, "ಜಾಗ ಎಲ್ಲಿ ಅಂತ ಬರೆದೇ ಇಲ್ವಲ್ಲೋ" ಅಂದರು. ಅದಕ್ಕೆ ಬರೆಯುತ್ತಿದ್ದೇನೆ. ಮೊದಲ ವರ್ಷಕ್ಕೆ ನಮ್ಮ ಹನ್ನೆರಡು ಗುಂಟೆ ಗದ್ದೆ ಬಿಟ್ಟುಕೊಡಲು ಮನೆಯವರೆಲ್ಲ ಒಪ್ಪಿದ್ದೇವೆ. ಮೂಲೆಯಲ್ಲಿ ಬಾವಿ ಇದೆ, ಬೇಸಿಗೆಯಲ್ಲೂ ನೀರು ಬತ್ತುವುದಿಲ್ಲ. ಜನ ಕೂರಲು ಮಾವಿನ ಮರದ ನೆರಳಿದೆ. ಬಂದವರು ಕೀಳಲಿ ಅಂತ ಐದು ಸಾಲು ಈರುಳ್ಳಿ ಕೀಳದೆ ಬಿಟ್ಟಿರುತ್ತೇವೆ. ಸಸಿಮಡಿಗೆ ಹಾಕಿ ಮಿಕ್ಕ ಬೀಜ ಬಾಟಲಿಯಲ್ಲಿ ಎರಡು ಮುಷ್ಟಿ ಇದೆ. ಆದರೆ ಅದು ಏಪ್ರಿಲ್ ತನಕ ಕಾಯುವುದು ಬೇಡ ಅನ್ನುತ್ತಾರೆ ಅತ್ತೆ. ಸಸಿ ಮಾಡಲು ಇದೇ ಸಮಯ. ಯಾರ ಮನೆಯಲ್ಲಿ ಬೀಜ ತಪ್ಪಿಹೋಗಿದೆಯೋ ಅವರು ಈ ವಾರವೇ ಬಂದು ಒಯ್ಯಲಿ.

ಇತಿ,
ನಿಮ್ಮ ಓದುಗ,
ನಿವೃತ್ತ ಬಸ್ ಕಂಡಕ್ಟರ್,
ಅಳ್ವೇಕೋಡಿ, ಕುಮಟಾ ತಾಲೂಕು